ಮಲ್ಲಪ್ಪ ನಿಲ್ಲಬೇಕಾಗಿದ್ದ ಜಾಗ

1976ರಲ್ಲಿ ನಾನು ಮನಗೂಳಿಯಿಂದ ಬಸವನ ಬಾಗೇವಾಡಿಯ ಕಡೆಗೆ ನಡೆದಿದ್ದ ರಸ್ತೆ ಕೆಲಸದಲ್ಲಿ ಒಬ್ಬ ಗುತ್ತಿಗೆದಾರರ ಸೈಟ್ ಸೂಪರ್‌ವೈಸರ್ ಆಗಿದ್ದೆ. ವಯಸ್ಸು ಇಪ್ಪತ್ತೆಂಟು. ನನ್ನ ಕೈಕೆಳಗೆ ಮೂರು ಲಾರಿ, ಒಂದು ರೋಡ್ ರೋಲರ್, ನಲವತ್ತರಷ್ಟು ಆಳುಗಳು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿರದ ಮಸೂತಿ ಗ್ರಾಮದ ಹೆಣ್ಣುಮಕ್ಕಳು.

ದಿನಾ ಮುಂಜಾನೆ ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ನಾನು ಸುರಕ್ಷತೆಯ ಮಾತು ಹೇಳುತ್ತಿದ್ದೆ. ಲಾರಿಯ ನೆರಳಿನಲ್ಲಿ ಕೂಡಬೇಡಿ, ರೋಲರ್ ಮುಂದೆ ಹಾಯಬೇಡಿ. ಎಲ್ಲಕ್ಕಿಂತ ಮುಖ್ಯವಾದದ್ದು, ಲಾರಿ ರಿವರ್ಸ್ ಬರುವಾಗ ಹಿಂದೆ ಒಬ್ಬ ಕೆಂಪು ಬಾವುಟ ಹಿಡಿದು ನಿಂತಿರಲೇಬೇಕು. ಆ ಕೆಲಸಕ್ಕೆ ಮಲ್ಲಪ್ಪನಿದ್ದ. ಐವತ್ತು ದಾಟಿದವನು, ದೊಡ್ಡ ದನಿಯವನು. ಅವನು ಕೂಗಿದರೆ ರೋಲರ್ ಸದ್ದಿನ ಮೇಲೂ ಕೇಳುತ್ತಿತ್ತು.

ಒಂದು ದಿನ ಮಧ್ಯಾಹ್ನ ಎಂಜಿನಿಯರ್ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಅಂಚಿನ ಕಲ್ಲುಗಳಿಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ಸುತ್ತ ನೋಡಿದೆ. ಎಲ್ಲರೂ ಬುಟ್ಟಿ ಹೊತ್ತು ಓಡಾಡುತ್ತಿದ್ದರು. ಸುಮ್ಮನೆ ನಿಂತಂತೆ ಕಂಡವನು ಮಲ್ಲಪ್ಪ ಒಬ್ಬನೇ. ಅವನ ಕೈಗೆ ಸುಣ್ಣದ ಬಕೆಟ್ ಕೊಟ್ಟು ಕಳಿಸಿದೆ.

ಸ್ವಲ್ಪ ಹೊತ್ತಿಗೆ ಡ್ರೈವರ್ ಭೀಮಣ್ಣ ಖಡಿ ತುಂಬಿದ ಲಾರಿ ತಂದ. ಖಡಿಯೆಂದರೆ ರಸ್ತೆಗೆ ಹಾಸುವ ಒಡೆದ ಕಲ್ಲು. ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮಲ್ಲಪ್ಪ ಎಲ್ಲಿ ಹೋಗ್ಯಾನ್ರಿ, ಸಾಹೇಬ್ರ?” ಎಂದು ಕೇಳಿದ.

“ಬರ್ತಾನ. ನೀ ಹಿಂದ ತಗೋ, ದಾರಿ ಖುಲ್ಲಾ ಐತಿ,” ಎಂದೆ.

ನಾನು ಹಿಂದೆ ಹೋಗಿ ನೋಡಿರಲಿಲ್ಲ. ಭೀಮಣ್ಣ ಹಾರ್ನ್ ಹೊಡೆದೇ ಹಿಂದೆ ತಂದ. ರೋಲರ್ ಗದ್ದಲದಲ್ಲಿ ಅದು ಮಸೂತಿಯ ಆಳು ಗೌರವ್ವನಿಗೆ ಕೇಳಲಿಲ್ಲ. ಆಕೆ ಲಾರಿಯ ಹಿಂದೆ ಬಗ್ಗಿ ಬುಟ್ಟಿಗೆ ಖಡಿ ತುಂಬುತ್ತಿದ್ದಳು. ಹಿಂದಿನ ಗಾಲಿ ಆಕೆಯ ಎಡಗಾಲಿನ ಮೇಲೆ ಹಾಯ್ದಿತು. ಅದೇ ಲಾರಿಯ ಖಡಿ ಸುರಿದು, ಗೋಣಿತಟ್ಟು ಹಾಸಿ, ಆಕೆಯನ್ನು ಬಿಜಾಪುರದ ಆಸ್ಪತ್ರೆಗೆ ಒಯ್ದೆವು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಸಂಜೆ ಪೊಲೀಸ್ ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡರು. ಸೈಟಿಗೆ ಬಾವುಟದ ಮನುಷ್ಯನನ್ನು ನೇಮಿಸಿದ್ದೇವೆ, ದಿನಾ ಸೂಚನೆ ಕೊಡುತ್ತೇವೆ, ಡ್ರೈವರ್ ಹಿಂದೆ ನೋಡದೆ ಲಾರಿ ತಂದ ಎಂದು ಬರೆಸಿದೆ. ಮಲ್ಲಪ್ಪನನ್ನು ಬೇರೆ ಕೆಲಸಕ್ಕೆ ಕಳಿಸಿದವನು ನಾನು ಎಂಬ ಒಂದು ಮಾತು ಬಿಟ್ಟೆ. ಬೆಂಚಿನ ಮೇಲೆ ಕುಳಿತಿದ್ದ ಭೀಮಣ್ಣ ಮೆಲ್ಲಗೆ, “ನೀವ ಹೇಳಿದ್ರಲ್ರಿ ಸಾಹೇಬ್ರ, ದಾರಿ ಖುಲ್ಲಾ ಐತಿ ಅಂತ,” ಎಂದ. ಠಾಣೆಯವರು ನನ್ನ ಮುಖ ನೋಡಿದರು. ನಾನು ಹೇಳಿಕೆಗೆ ಸಹಿ ಹಾಕಿದೆ. ಭೀಮಣ್ಣನನ್ನು ಲಾಕಪ್ಪಿಗೆ ಹಾಕಿದರು.

ನಾಲ್ಕನೆಯ ದಿನ ಆಸ್ಪತ್ರೆಗೆ ಹೋದೆ. ಗೌರವ್ವ ಗೋಡೆಗೆ ಒರಗಿ ಕುಳಿತಿದ್ದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಆಕೆ ಕೇಳಿದ್ದು ಇಷ್ಟೇ: “ಭೀಮಣ್ಣನ್ನ ಯಾಕ ಹಿಡದಾರ್ರಿ? ಮಲ್ಲಪ್ಪ ಇದ್ದಿದ್ರ ಒದರತಿದ್ದ. ಅವನ್ನ ಸುಣ್ಣ ಹಚ್ಚಾಕ ಕಳಿಸಿದ್ದು ನಾ ನೋಡೇನಿ.”

ಆಕೆಗೆ ಎಲ್ಲ ಗೊತ್ತಿತ್ತು. ಆದರೂ ನನ್ನ ಹೆಸರು ಎತ್ತಲಿಲ್ಲ. ಹೊರಗೆ ಬಂದು ನೇರವಾಗಿ ಠಾಣೆಗೆ ಹೋಗಿ, ಬಿಟ್ಟ ಮಾತನ್ನು ಬರೆಸಿದೆ. “ಮೊದಲ ಯಾಕ ಹೇಳ್ಲಿಲ್ಲ?” ಎಂದರು ಅಧಿಕಾರಿ. “ಅಂಜಿದ್ದೆ” ಎಂದೆ.

ಭೀಮಣ್ಣ ಬಿಡುಗಡೆಯಾಗಿ ಬಂದ. ನನ್ನ ಕೆಲಸ ಹೋಯಿತು. ಅದನ್ನು ಅನ್ಯಾಯವೆಂದು ನಾನು ಯಾರಿಗೂ ಹೇಳಿಲ್ಲ. ಕ್ಷಮೆ ಕೇಳಲು ಅವನ ಮನೆಗೆ ಹೋದಾಗ ಅವನು ಚಹಾ ಕೊಟ್ಟ. “ನನ್ನ ಮಗಳು, ಗೌರವ್ವನ ಕಾಲು ನೀ ತಗದಿ ಏನಪ್ಪ ಅಂತ ಕೇಳಿದ್ಲರಿ. ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ. ಗೇರ್ ಹಾಕಿದ ಕೈ ನಂದ ಐತಲ್ರಿ,” ಎಂದ. ಮತ್ತೆ ಅವನು ಲಾರಿ ಹತ್ತಲಿಲ್ಲ. ಗೌರವ್ವ ಮಸೂತಿಯ ಮನೆಯಲ್ಲಿ ಕುಳಿತು ಹಳೆ ಬಟ್ಟೆಯ ಕೌದಿ ಹೊಲಿದು ದಿನ ಕಳೆದಳು.

ಮುಂದೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಬೇರೆಯವರ ಹತ್ತಿರ ಕೆಲಸ ಮಾಡಿದೆ. ಮುಂಜಾನೆಯ ಸೂಚನೆಗಳನ್ನು ಬಿಡಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದೆ: ಹಿಂದೆ ಬಾವುಟದ ಮನುಷ್ಯನಿಲ್ಲದಿದ್ದರೆ, ಹೇಳಿದವನು ನಾನೇ ಆಗಿರಲಿ, ರಿವರ್ಸ್ ಹಾಕಬೇಡಿ. ಅಪಾಯ ತಡೆಯಲು ನಿಂತವನು ಯಾವಾಗಲೂ ಕೆಲಸವಿಲ್ಲದವನಂತೆ ಕಾಣುತ್ತಾನೆ. ಅವಸರ ಬಿದ್ದಾಗ ಮೇಲ್ವಿಚಾರಕನ ಕಣ್ಣು ಮೊದಲು ಹೋಗುವುದು ಅವನ ಮೇಲೆಯೇ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನು. ಕಲಿತದ್ದರ ಬೆಲೆ ತೆತ್ತವರು ಬೇರೆಯವರು.

ಸಿಂದಗಿಯಲ್ಲಿ ಒಮ್ಮೆ ಅವಸರದಲ್ಲಿದ್ದಾಗ ಒಬ್ಬ ಡ್ರೈವರಿಗೆ ಹಿಂದೆ ತಗೋ ಎಂದೆ. ಅವನು ಎಂಜಿನ್ ಬಂದ್ ಮಾಡಿ, “ಹಿಂದ ಬಾವುಟ ಹಿಡಿಯಾಂವ ಯಾರೂ ಇಲ್ರಿ. ನಾ ತಗೊಳ್ಳಾಂಗಿಲ್ಲ,” ಎಂದ. ಎಲ್ಲರೆದುರು ಹಾಗೆಂದದ್ದಕ್ಕೆ ನನಗೆ ಸಿಟ್ಟು ಬಂತು. ಆಮೇಲೆ ನಾನೇ ಬಾವುಟ ಹಿಡಿದು ಹೋಗಿ ಲಾರಿಯ ಹಿಂದೆ ನಿಂತೆ.