ಮಂಜಣ್ಣ ಒಪ್ಪಿದ್ದರು

ಶೋಭಳ ಗಂಡ ಒಪ್ಪುವುದಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಬಾಯಿತಪ್ಪಿ ಬಂದ ಮಾತಲ್ಲ — ಬೇಕೆಂದೇ ಹೇಳಿದೆ.

ಹಾಸನದ ನಮ್ಮ ಗಾರ್ಮೆಂಟ್ಸ್ ಮಾಲೀಕರು ಅಂದು ಮೂವರನ್ನು ಒಳಗೆ ಕರೆದು ಕೂರಿಸಿದ್ದರು: ಕಟಿಂಗ್ ಮೇಸ್ತ್ರಿ, ಹೊಲಿಗೆಯ ಸೂಪರ್‌ವೈಸರ್ ಆದ ನಾನು, ನನ್ನ ಕೈಕೆಳಗಿನ ಶೋಭ. ಬಟ್ಟೆ ಕತ್ತರಿಸುವ ಹೊಸ ಮಿಷಿನ್ ಬರುತ್ತಿದೆ, ಇನ್ನು ಹತ್ತು ವರ್ಷಕ್ಕೆ ಕೆಲಸವೇ ಬೇರೆ ಥರ ಆಗುತ್ತದೆ, ಕಂಪನಿ ಯಾವ ದಾರಿ ಹಿಡಿಯಬೇಕು, ನೀವೇ ಹೇಳಿ ಎಂದರು. ನಾನು ಎಂದಿನಂತೆ “ನೀವು ಹೇಳ್ದಂಗೆ ಸಾರ್” ಎಂದೆ. ಶೋಭ ಸೆರಗು ಸರಿಮಾಡಿಕೊಂಡಳು.

“ಸಾ, ನಾವು ಕತ್ಲಲ್ಲೆದ್ದು ಅರಕಲಗೂಡಿಂದ ಬಸ್ ಅತ್ತಿ ಬತ್ತೀವಿ. ನಮ್ ಮಕ್ಳು ಇಂಗೆ ಬರಾಕಿಲ್ಲ. ಕತ್ರಿಸೋದು ಮಿಷಿನ್ ಇಲ್ಲೇ ಮಾಡ್ಲಿ. ಒಲಿಗೆನ ಅರಕಲಗೂಡು, ಒಳೆನರಸೀಪುರ, ಚನ್ರಾಯಪಟ್ಣಕ್ಕೆ ಕಳ್ಸಿ. ಕೆಲ್ಸಾನೇ ಊರಿಗೆ ಬರ್ಲಿ.”

“ಮಿಷಿನ್ ಬಂದ್ಮೇಲೆ ನನ್ನೂ ಯಾವ್ದಾರ ಊರಿಗೆ ಕಳಿಸ್ಬುಡು ಕಣವ್ವ!” ಎಂದ ಮೇಸ್ತ್ರಿ.

ನಕ್ಕೆವು. ಮಾಲೀಕರು ನಗಲಿಲ್ಲ, ಅವಳನ್ನೇ ನೋಡುತ್ತಿದ್ದರು. ಅಷ್ಟು ವರ್ಷದಲ್ಲಿ ನನ್ನನ್ನು ಒಮ್ಮೆಯಾದರೂ ಹಾಗೆ — ಅವಳಿಗೆ ಕಾಲರ್ ಕೂರಿಸುವುದನ್ನು ಕಲಿಸಿದವಳು ನಾನು. ನನ್ನ ಡಬ್ಬಿಯಲ್ಲಿ ಉಂಡವಳು. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು.

ಉಳಿದವರು ಹೋದ ಮೇಲೆ ಮಾಲೀಕರು ನನ್ನನ್ನು ನಿಲ್ಲಿಸಿಕೊಂಡು ಕೇಳಿದರು: “ಅವಳು ಹೇಳ್ದಂಗೆ ಅರಕಲಗೂಡಲ್ಲಿ ಹೊಲಿಗೆ ಘಟಕ ತೆಗೆದು, ಅದನ್ನ ಶೋಭಂಗೇ ಒಪ್ಪಿಸೋಣ ಅಂತ. ಮನೇಲಿ ಒಪ್ತಾರಾ?”

ಅವಳ ಗಂಡ ಮಂಜಣ್ಣನದು ಅರಕಲಗೂಡಿನಲ್ಲಿ ಪಂಕ್ಚರ್ ಅಂಗಡಿ. ಈ ಮಾತಿಗೆ ಕೆಲವೇ ದಿನ ಮುಂಚೆ ಅವರೇ ನಮ್ಮ ಗಾರ್ಮೆಂಟ್ಸ್ ಗೇಟಿನ ಹತ್ತಿರ ಸಿಕ್ಕು, “ಅಕ್ಕಾ, ಇವ್ಳನ್ನ ಮುಂದಕ್ ತಗಂಡೋಗಿ. ಮನೆ ನಾನು ನೋಡ್ಕತೀನಿ” ಎಂದಿದ್ದರು. ನನ್ನ ಮನೆಯಲ್ಲಿ ಅಂಥ ಮಾತು ಆಡಿದವರೇ ಇಲ್ಲ.

“ಗಂಡ ಒಪ್ಪಲ್ಲ ಸಾರ್,” ಎಂದೆ. “ಅವಳನ್ನ ಕೇಳ್ಬೇಡಿ, ನೊಂದ್ಕೋತಾಳೆ.”

ಹೆಣ್ಣುಮಗಳ ವಿಷಯದಲ್ಲಿ ಆ ಮಾತಿಗೆ ಯಾರೂ ಎದುರು ಪ್ರಶ್ನೆ ಹಾಕುವುದಿಲ್ಲ. ಗೊತ್ತಿದ್ದೇ ಹೇಳಿದೆ.

ಅರಕಲಗೂಡಿನಲ್ಲಿ ಘಟಕ ತೆರೆಯಿತು, ಅದನ್ನು ನಡೆಸುವ ಕುರ್ಚಿ ನನಗೆ ಬಂತು; ಶೋಭ ಅಲ್ಲೂ ನನ್ನ ಕೈಕೆಳಗೇ ಉಳಿದಳು. ಕಿಚ್ಚು ಮಾತ್ರ ಆರಲಿಲ್ಲ. ಹುಡುಗಿಯರು ಏನಾದರೂ ಕೇಳುವುದಿದ್ದರೆ ನನ್ನನ್ನು ದಾಟಿ ಅವಳ ಬಳಿಗೇ ಹೋಗುತ್ತಿದ್ದರು. ಒಂದು ದಿನ ಮಾಲೀಕರು ಬಂದು ಹೋದ ಮೇಲೆ ಶೋಭ ನನ್ನೆದುರು ಬಂದು ನಿಂತಳು.

“ಅಕ್ಕಾ, ಈ ಕೆಲ್ಸ ನಂಗೇ ಕೊಡಾಕಿದ್ರಂತೆ, ಸಾ ಯೋಳುದ್ರು. ನಮ್ಮೆಜಮಾನ್ರು ಬ್ಯಾಡ ಅಂದವ್ರೆ, ನನ್ ಬೆನ್ನಿಂದೆ! ಕೇಳುದ್ರೆ ಇಲ್ಲ ಅಂತ ಆಣೆ ಇಡ್ತಾರಲ್ಲಕ್ಕ.”

ಆಗಲಾದರೂ ಹೇಳಬಹುದಿತ್ತು. ನಾನು ಅಂದದ್ದು — “ಬಿಡೇ, ಗಂಡಸ್ರೇ ಹಂಗೆ.”

ಆಮೇಲೆ ಮಂಜಣ್ಣನ ಹೆಸರು ಎತ್ತಿದರೆ ಸಾಕು, ಅವಳು ಮುಖ ಗಂಟಿಕ್ಕಿಕೊಳ್ಳುತ್ತಿದ್ದಳು. ಒಂದೇ ಸೂರಿನಡಿ ಇದ್ದೀವಿ ಅಷ್ಟೆ ಎನ್ನುತ್ತಿದ್ದಳು. ಕೇಳಿ ನನಗೆ ಒಳಗೊಳಗೇ — ಹೌದು, ಸಮಾಧಾನವಾಗುತ್ತಿತ್ತು. ವರ್ಷಗಟ್ಟಲೆ.

ಕಳೆದ ತಿಂಗಳು ಊಟಕ್ಕೆ ಕುಳಿತಾಗ ಅವಳೆಂದಳು: “ಮಗ್ಳಿಗೆ ಗಂಡು ನೋಡ್ತಾವ್ರೆ. ಅವ್ಳಿಗೂ ಯೋಳಿವ್ನಿ, ಯಾರ್ನೂ ನಂಬಬ್ಯಾಡ, ನಿಮ್ಮಪ್ಪನ್ನೇ ನೋಡು ಅಂತ.”

ನನ್ನ ಸುಳ್ಳು ಇನ್ನೊಂದು ಮನೆಗೂ ಹೊರಟಿತ್ತು. ತುತ್ತು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಕೈ ತೊಳೆದು, ಚಪ್ಪಲಿ ಮೆಟ್ಟಿ, ರಸ್ತೆಯಾಚೆ ಎದುರಿಗೇ ಇದ್ದ ಗಂಡನ ಅಂಗಡಿಗೆ ಹೋದಳು. ಏನು ಹೇಳಿದಳೋ ಕೇಳಿಸಲಿಲ್ಲ. ಮಂಜಣ್ಣ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟರು. ಶಟರ್ ಎಳೆದರು. ಇಬ್ಬರೂ ಮನೆಯ ಕಡೆ ನಡೆದರು.

ಕಿಟಕಿಯಲ್ಲಿ ನಿಂತು ನೋಡಿದೆ. ಇದನ್ನೂ ಮುಚ್ಚಿಡುವುದಿಲ್ಲ — ಆಗಲೂ ಆ ಕಿಚ್ಚು ಆರಿರಲಿಲ್ಲ.

ಆಮೇಲೆ ಮಾಲೀಕರಿಗೆ ಫೋನ್ ಮಾಡಿ, ಅಂದು ಹೇಳಿದ್ದು ಸುಳ್ಳು ಎಂದೆ.