ತುಕ್ಕಾನಟ್ಟಿಯ ಮೇಲೆ ಇನ್ನೊಂದು ಸುತ್ತು

ನಮ್ಮ ಸಣ್ಣ ವಿಮಾನದ ಎಂಜಿನ್‌ಗೆ ನೀರಿನ ತಂಪಿಲ್ಲ, ಗಾಳಿಯೇ ಗತಿ. ಮೂಗೆತ್ತಿಕೊಂಡು ನಿಧಾನ ಹೋದರೆ ಒಳಗೆ ಗಾಳಿ ಹಾಯುವುದಿಲ್ಲ, ಕಾವಿನ ಸೂಜಿ ಕೆಂಪು ಗೆರೆಯತ್ತ ಹೊರಡುತ್ತದೆ. ಆಗ ಮೂಗು ಇಳಿಸಬೇಕು, ವೇಗ ತೆಗೆದುಕೊಳ್ಳಬೇಕು, ಪೆಟ್ರೋಲು ಹೆಚ್ಚು ಬಿಡಬೇಕು. ಬೆಂಕಿಗೆ ತುಪ್ಪ ಸುರಿದಂತೆ ಆಗುವುದಿಲ್ಲವೇ ಎಂದು ಹೊಸಬರು ಕೇಳುತ್ತಾರೆ. ಇಲ್ಲೋ ತಮ್ಮಾ, ಹೆಚ್ಚಿನ ಪೆಟ್ರೋಲು ಉರಿಯದೆ ಆವಿಯಾಗಿ ಎಂಜಿನ್ನನ್ನು ತಣಿಸುತ್ತದೆ. ದಿನಾ ಇದನ್ನೇ ಬಡಕೊಳ್ಳುತ್ತೇನೆ. ನಾನು ಹಾರಾಟ ಕಲಿಸುವವಳು. ಸಿಟ್ಟಿನವಳೆಂದು ಹೆಸರು ಬಿದ್ದಿದೆ, ಬೀಳಲಿ.

ನಮ್ಮ ದಾರಿ ಸಂಕೇಶ್ವರ, ಹುಕ್ಕೇರಿ, ಧುಪದಾಳದ ಒಡ್ಡು, ಗೋಕಾಕ, ಮೂಡಲಗಿ. ಮೂಡಲಗಿಗೆ ಮೊದಲು ತುಕ್ಕಾನಟ್ಟಿ ಸಿಗುತ್ತದೆ. ನನ್ನ ಜೊತೆ ಹಾರಾಟ ಕಲಿತ ಗೆಳೆಯ ಆ ಊರಿನವನು. ಆ ಊರಿನ ಕಬ್ಬಿನಲ್ಲೇ ವಿಮಾನದ ಸಮೇತ ಬಿದ್ದು ಸತ್ತ.

ಅವನ ಅಕ್ಕ ಊರಲ್ಲಿ ಬಟ್ಟೆ ಹೊಲಿಯುತ್ತಾಳೆ. ಆಗೆಲ್ಲ ತಮ್ಮನ ವಿಮಾನದ ಸಪ್ಪಳ ಕೇಳಿದ್ದೇ ತಡ, ಮಾಳಿಗೆ ಹತ್ತಿ ಕೆಂಪು ಸೀರೆ ಹಾಸುತ್ತಿದ್ದಳು. ಅವನು ಒಂದು ಸುತ್ತು ಹಾಕಿ, ಸೀರೆ ಕಂಡೊಡನೆ ರೆಕ್ಕೆ ಅಲ್ಲಾಡಿಸಿ ಹೋಗುತ್ತಿದ್ದ. ಅದು ಕಂಡೆನೆಂಬ ಗುರುತು; ಆಮೇಲೆಯೇ ಅವಳು ಸೀರೆ ಮಡಚುತ್ತಿದ್ದಳು. ಅಕ್ಕನ ಮುದ್ದಿನ ಕೂಸು ಎಂದು ನಾವು ಅವನನ್ನು ಕಾಡುತ್ತಿದ್ದೆವು. ಅವನು ಬಿದ್ದ ಆ ಬೇಸಿಗೆಯ ಮಧ್ಯಾಹ್ನ ಮಾತ್ರ ಹಾಗೆ ಹೋಗಲಿಲ್ಲ. ಊರ ಮೇಲೆ ತೀರ ಕೆಳಮಟ್ಟದಲ್ಲಿ, ಮೂಗೆತ್ತಿಕೊಂಡು, ನಿಧಾನ ಸುತ್ತುತ್ತಲೇ ಇದ್ದನೆಂದು ನೋಡಿದವರು ಹೇಳಿದರು. ನಾನು ನಮ್ಮ ನಿಲ್ದಾಣದಲ್ಲಿ ರೇಡಿಯೊ ಮುಂದೆ ಕೂತಿದ್ದೆ. ಕೇಳಿಸಿದ್ದು ಒಂದೇ ಮಾತು: "ಸೂಜಿ ಕೆಂಪಿಗೆ ಬಂತು." ಅಷ್ಟು ಕೆಳಗೆ ಮೂಗು ಇಳಿಸಲು ಜಾಗ ಎಲ್ಲಿ? ಎಂಜಿನ್ ಸೋತಿತು. ಎಲ್ಲ ಗೊತ್ತಿದ್ದವನು ಅಷ್ಟು ಸುತ್ತು ಯಾಕೆ ಹಾಕಿದ ಎಂಬುದು ನಮಗ್ಯಾರಿಗೂ ತಿಳಿಯಲಿಲ್ಲ. ಈಗಲೂ ಅಲ್ಲಿ ಹಾದರೆ ಆ ಮಾತು ಕಿವಿಗೆ ಬರುತ್ತದೆ. ರೇಡಿಯೊ ಆರಿಸಿದರೂ ಬರುತ್ತದೆ. ಹೆದರಿಕೆಯಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ಇನ್ನೂ ಸೀರೆ ಹಾಸುತ್ತಾಳೆ. ಯಾರ ವಿಮಾನ ಬಂದರೂ ಹಾಸುತ್ತಾಳೆ. ನಾನು ನೋಡಿಯೂ ನೋಡದವಳಂತೆ ಹೋಗಿಬಿಡುತ್ತಿದ್ದೆ. ಈ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಅದೇನೆಂದು ನೋಡಲು ಮೂಗೆತ್ತಿ ತಿರುಗಿಸಿದಳು. ಸೂಜಿ ಏರತೊಡಗಿತು. ಹಿಡಿಕೆ ಕಸಿದುಕೊಂಡು ಮೂಗು ಇಳಿಸಿದೆ. ಅವಳಿಗೆ ಬೈದದ್ದು ಬರೆಯುವಂಥದ್ದಲ್ಲ.

ಇನ್ನೊಂದು ಜೀವ ಹೋಗುವ ಮೊದಲು ಆ ಸೀರೆ ತೆಗೆಸಬೇಕಿತ್ತು. ತೆಗೆಸಬೇಕೆಂದರೆ, ತಮ್ಮ ಬಿದ್ದದ್ದು ಆ ಸುತ್ತುಗಳಿಂದ ಎಂದು ಅಕ್ಕನಿಗೆ ಹೇಳಬೇಕು. ಎಂಜಿನ್ ಕೆಟ್ಟಿತ್ತು ಎಂದಷ್ಟೇ ಎಲ್ಲರೂ ಅವಳಿಗೆ ಹೇಳಿದ್ದರು.

ಭಾನುವಾರ ಹೋದೆ. ಹೊಲಿಗೆ ಮಷೀನಿನ ಮುಂದಿನಿಂದ ಎದ್ದು ನೀರು ಕೊಟ್ಟಳು.

"ಸೀರಿ ಹಾಸೂದು ಬಿಡ್ರಿ ಅಕ್ಕಾ," ಎಂದೆ. "ಕೈ ಮುಗೀತೀನಿ. ಅದನ್ನ ನೋಡಾಕ ಹುಡುಗರು ಸುತ್ತ ಹಾಕ್ತಾರ. ಹಂಗ ನಿಧಾನ ಸುತ್ತಿದ್ರ ಎಂಜಿನ್ ಕಾಯತೈತಿ..."

"ಗೊತ್ತೈತಿ ತಂಗಿ," ಎಂದಳು.

"ಏನ್ ಗೊತ್ತೈತ್ರಿ?"

"ಅವತ್ತ ನಾ ಸೀರಿ ಹಾಸಿರ್ಲಿಲ್ಲ. ಮದುಮಗಳ ಜಂಪರ ಹೊಲಿಯಾಕತ್ತಿದ್ನಿ, ಗಡಿಬಿಡಿ ಇತ್ತು. ಮಷೀನ ಸಪ್ಪಳದಾಗ ವಿಮಾನದ ಸಪ್ಪಳ ಕೇಳಲೇ ಇಲ್ಲ. ಅಂವ ಮ್ಯಾಲ ಸೀರಿ ಹುಡುಕ್ಕೋಂತ ಸುತ್ತಿದ." ಮಷೀನಿನ ಮೇಲಿದ್ದ ಬಟ್ಟೆಯನ್ನು ಸುಮ್ಮನೆ ಸವರಿದಳು. "ಈಗ ಯಾರ ಬಂದ್ರೂ ಹಾಸತೀನಿ. ಕಂಡಬಿಟ್ರ ಹೋಗತಾರ. ಕಾಣ್ಲಿಲ್ಲಂದ್ರ ಹುಡುಕತಾರ, ತಂಗಿ."

ಬುದ್ಧಿ ಹೇಳಲು ಹೋದ ನಾನು ಗಳಗಳ ಅತ್ತೆ. ಅವಳು ಅಳಲಿಲ್ಲ. ಸೀರೆಯ ಮಾತು ಮತ್ತೆ ಎತ್ತದೆ ಎದ್ದು ಬಂದೆ.

ಮರುದಿನ ತುಕ್ಕಾನಟ್ಟಿ ಬರುವ ಮೊದಲೇ ಮೂಗು ಇಳಿಸಿ ವೇಗ ತೆಗೆದುಕೊಂಡೆ. ಆ ಮಾತು ಎಂದಿನಂತೆ ಕಿವಿಗೆ ಬಂತು. ಮಾಳಿಗೆಯ ಮೇಲೆ ಕೆಂಪು ಸೀರೆ, ಅದರ ಬಾಜೂಕೆ ಅಕ್ಕ. ಸುತ್ತು ಹಾಕಲಿಲ್ಲ. ನೇರ ಹೋಗುತ್ತಲೇ ರೆಕ್ಕೆ ಅಲ್ಲಾಡಿಸಿದೆ. ಅವನು ಹೋದ ಮೇಲೆ ನಮ್ಮಲ್ಲಿ ಯಾರೂ ಅಲ್ಲಾಡಿಸಿರಲಿಲ್ಲ.

ಹಿಂತಿರುಗಿ ನೋಡಿದೆ. ಅವಳು ಸೀರೆ ಮಡಚುತ್ತಿದ್ದಳು.