ಫ್ರಾನ್ಸ್ ಮನೆಯಲ್ಲಿ ಉಕ್ಕದ ಹಾಲು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗಳಲ್ಲಿ ಯಾರಾದರೂ ದನಿ ತಗ್ಗಿಸಿ ಶುರು ಮಾಡಿದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ. ಅಂಥವಳು ಹೇಳುತ್ತಿದ್ದೇನೆ, ಇದು ನಡೆದದ್ದು. ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಅಡುಗೆಮನೆಯಲ್ಲಿ ನಿಂತು ನಾನೇ ಕಣ್ಣಾರೆ ಕಂಡದ್ದು. ನಂಬದಿದ್ದರೆ ಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ.

ನನ್ನ ಗಂಡ ಶ್ರೀಧರ್‌ಗೆ ಎರಡು ವರ್ಷದಿಂದ ಒಂದೇ ಹುಚ್ಚು. ಫ್ರಾನ್ಸಿನ ಯಾವುದಾದರೂ ಹಳ್ಳಿಯಲ್ಲಿ ಅಗ್ಗದ ಮನೆ ಕೊಳ್ಳಬೇಕು, ಈ ಅಪಾರ್ಟ್‌ಮೆಂಟ್ ಮಾರಿ ಅಲ್ಲಿಗೇ ಹೋಗಿ ರಿಟೈರ್ ಆಗಬೇಕು. ಫ್ರೆಂಚ್‌ನಲ್ಲಿ ಕುಡಿಯಲು ನೀರು ಕೇಳುವುದಕ್ಕೂ ಬಾರದ ಮನುಷ್ಯ! ದಿನ ಬೆಳಗಾದರೆ ಫೋನಿನಲ್ಲಿ ಮನೆಗಳ ಫೋಟೋ. ಸೂರು ಕುಸಿದದ್ದು, ಬಾಗಿಲಿಲ್ಲದ್ದು, ಬಚ್ಚಲೇ ಇಲ್ಲದ್ದು... ಅದಕ್ಕೆಲ್ಲ ಹಳೇ ಮನೆಯ 'ಕ್ಯಾರೆಕ್ಟರ್' ಅನ್ನಬೇಕಂತೆ. ನನ್ನ ಕೆಲಸ, ಗೆಳತಿಯರು, ಕಿಟಕಿಯಾಚೆಯ ಬ್ರಿಡ್ಜ್ ಎಲ್ಲ ಬಿಟ್ಟು ಆ ಕುಗ್ರಾಮದಲ್ಲಿ ಜೇಡರ ಬಲೆ ಗುಡಿಸುತ್ತ ನಾನು ಮುದುಕಿಯಾಗಬೇಕು.

"ಮನಿ ಛಲೋ ಇದ್ರ ತಗೊಳ್ಳೋದ, ವೀಣಾ," ಅಂದರು. ಅವರು ಧಾರವಾಡದವರು. ಹಟಕ್ಕೆ ಬಿದ್ದರೆ ಆ ಮಾತು ಇನ್ನೂ ಗಟ್ಟಿಯಾಗುತ್ತದೆ.

"ತಗೊಳ್ಳಿ, ಅಲ್ಲಿ ನೀವೊಬ್ರೇ ಇರಿ. ನಾನಂತೂ ಬರಲ್ಲ," ಅಂದೆ.

ಚಳಿಗಾಲದಲ್ಲಿ ಒಬ್ಬರೇ ಹೊರಟರು. ಮೂರನೆಯ ದಿನಕ್ಕೆ ಫೋನ್ ಬಂತು. ಮನೆ ಸಿಕ್ಕಿದೆ, ಕಲ್ಲಿನ ಮನೆ, ನಾಳೆಯೇ ಸೈನ್. ಒಂದು ರಾತ್ರಿ ಇದ್ದು ನೋಡುತ್ತೇನೆ ಎಂದು ಏಜೆಂಟ್ ಹೆಂಗಸಿನಿಂದ ಬೀಗದ ಕೈ ಬೇರೆ ಇಸಿದುಕೊಂಡಿದ್ದಾರೆ. "ಇವತ್ತ ಹಾಲು ಉಕ್ಕಿಸಿಬಿಡ್ತೀನಿ. ನೀ ವಿಡಿಯೋದಾಗ ಇರು, ಸಾಕು."

ಇನ್ನೂ ಕೊಳ್ಳದ, ಕಂಡವರ ಮನೆಯಲ್ಲಿ ಹಾಲು ಉಕ್ಕಿಸುವ ಶೂರರನ್ನು ನೀವೆಲ್ಲಾದರೂ ಕಂಡಿದ್ದೀರಾ? ಅದಕ್ಕೊಂದು ಮುಹೂರ್ತ ಬೇರೆ. ಹೊರಡುವ ಮೊದಲೇ ಬ್ರಿಡ್ಜ್‌ವಾಟರಿನ ನಮ್ಮ ಪರಿಚಯದ ಭಟ್ಟರಿಂದ ಗೋಧೂಳಿ ಲಗ್ನ ಕೇಳಿಕೊಂಡಿದ್ದರು. ಮನೆ ಕೊಳ್ಳುವುದು ಫ್ರಾನ್ಸಿನಲ್ಲಿ ಎಂದು ಮಾತ್ರ ಹೇಳಿರಲಿಲ್ಲ. ಭಟ್ಟರು ಪಾಪ ನ್ಯೂಜೆರ್ಸಿಯ ಸೂರ್ಯಾಸ್ತ ನೋಡಿ ಹೊತ್ತು ಕೊಟ್ಟಿದ್ದಾರೆ. ನಮಗೆ ದೀಪ ಹಚ್ಚುವ ಹೊತ್ತು, ಅಲ್ಲಿ ಹೆಚ್ಚುಕಡಿಮೆ ನಡುರಾತ್ರಿ.

"ಅಡ್ಡಿಯಿಲ್ಲ. ಮನಿಯೊಡತಿ ಇರೋ ಊರಿನ ಟೈಮ್ ಹಿಡಿಯೋದು," ಎಂದು ಅದಕ್ಕೊಂದು ತೇಪೆ ಹಾಕಿದರು. ಎಂಜಿನಿಯರ್ ಅಂತೆ, ಎಂಜಿನಿಯರ್!

ಫೋನನ್ನು ಮಸಾಲೆ ಡಬ್ಬಿಗೆ ಒರಗಿಸಿ ನಿಂತೆ. ಸ್ಕ್ರೀನಿನಲ್ಲಿ ಕಪ್ಪುಗಟ್ಟಿದ ಗೋಡೆ, ನೆಲದ ಮೇಲೊಂದು ಪುಟ್ಟ ಗ್ಯಾಸ್ ಒಲೆ, ಸ್ಟೀಲ್ ಪಾತ್ರೆಯಲ್ಲಿ ಹಾಲು. ಕರೆಂಟ್ ಇಲ್ಲವಂತೆ, ಪಕ್ಕದಲ್ಲಿ ಟಾರ್ಚ್ ಉರಿಯುತ್ತಿತ್ತು. ಕೋಟು ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು, ನಮ್ಮ ಯಜಮಾನರು ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಒದ್ದಿ ಗೋಡಿ ವಾಸನಿ ಸ್ವಲ್ಪ ಅದ... ಸುಣ್ಣ ಹೊಡಿಸಿದ್ರ ಹೋಗ್ತದ."

ನಾನು ನನ್ನ ಫೋನ್ ಮ್ಯೂಟ್ ಮಾಡಿಕೊಂಡೆ. ಬಾಯಿಗೆ ಬಂದಂತೆ ಬೈಯಬೇಕಿತ್ತು, ಮುಹೂರ್ತದಲ್ಲಿ ಅದು ಅವರಿಗೆ ಕೇಳಿಸುವುದು ಬೇಡ ಅನ್ನಿಸಿತು. ಅಷ್ಟು ಸೌಜನ್ಯ ನನಗೂ ಇದೆ.

ಒಲೆಯ ಸುಯ್ ಸದ್ದು... ಹಾಲಿನ ಅಂಚಿನಲ್ಲಿ ನೊರೆ ಕಟ್ಟಿತು. ಕಂಠದವರೆಗೆ ಏರಿತು. ಇನ್ನೇನು ಉಕ್ಕಬೇಕು...

ಉಫ್.

ಹಾಲು ಸರ್ರನೆ ಇಳಿಯಿತು. ಉಕ್ಕುವ ಹಾಲನ್ನು ಅಡುಗೆಮನೆಯಲ್ಲಿ ನಾವು ಊದಿ ಇಳಿಸುತ್ತೇವಲ್ಲ, ಹಾಗೆಯೇ. ಅವರ ಬಾಯಿ ಮುಚ್ಚಿತ್ತು. ಬೆಂಕಿ ಒಂದಿಷ್ಟೂ ಅಲುಗಲಿಲ್ಲ.

"ಊದಬ್ಯಾಡ, ವೀಣಾ," ಎಂದರು ನಗುತ್ತ.

ನನಗೂ ನಗು ಬಂತು. ಇಲ್ಲಿಂದ ಊದಿದರೆ ಫ್ರಾನ್ಸಿನ ಹಾಲು ಇಳಿಯುತ್ತದಾ? ಬುದ್ಧಿ ಎಲ್ಲಿ ಮೇಯಲು ಹೋಗಿದೆ?

ಹಾಲು ಮತ್ತೆ ಏರಿತು. ಮತ್ತೆ ಉಫ್... ಈ ಸಲ ಉದ್ದನೆಯ ಉಸಿರು. ಫೋನಿಗೆ ತೀರ ಹತ್ತಿರ ಯಾರೋ ಬಗ್ಗಿದಂತೆ ಕೇಳಿಸಿತು. ಹಾಲು ತಳಕ್ಕಿಳಿಯಿತು.

ಅವರ ನಗು ನಿಂತಿತ್ತು. ಫೋನಿನ ಕಡೆ ತಲೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಒಲೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ನೋಡನೋಡುತ್ತ ಅವರ ಮುಖ ಮೆತ್ತಗಾಯಿತು.

"ಏ... ಅಳಬ್ಯಾಡ," ಎಂದರು ಪಿಸುಮಾತಿನಲ್ಲಿ. "ಇಷ್ಟ್ಯಾಕ ಅಳ್ತಿ? ಮೊದಲ ಹೇಳಬಾರದಿತ್ತೇನು?"

ಸ್ಕ್ರೀನ್ ನೋಡಿಕೊಂಡೆ. ನಾನು ಇನ್ನೂ ಮ್ಯೂಟ್‌ನಲ್ಲೇ ಇದ್ದೆ.

ಗಡಬಡಿಸಿ ಗುಂಡಿ ಒತ್ತಿ ಕಿರುಚಿದೆ. "ರೀ! ಯಾರ ಹತ್ರ ಮಾತಾಡ್ತಿದೀರಿ? ಎದ್ದು ಹೊರಗೆ ಬನ್ನಿ! ನಾನು ಅಳ್ತಿಲ್ಲ ರೀ!"

ಅವರು ಕತ್ತೆತ್ತಲಿಲ್ಲ. ನನ್ನ ಕೂಗು ಅವರಿಗೆ ತಲುಪಲೇ ಇಲ್ಲ. ಒಲೆ ಆರಿಸಿದರು. "ಆತು, ತಗೊಳ್ಳಂಗಿಲ್ಲ. ನಿನ್ನಾಣಿ. ಸುಮ್ನಾಗು ಇನ್ನ..." ಎಂದರು. ಆಮೇಲೆ ಕೈ ಚಾಚಿದರು. ಫೋನಿನ ಕಡೆಗಲ್ಲ, ಅದರ ಪಕ್ಕದ ಕತ್ತಲಿಗೆ. ಯಾರದೋ ತಲೆ ಸವರುವ ಹಾಗೆ.

ಕಾಲ್ ಕಟ್ ಆಯಿತು.

ಬೆಳಗಿನವರೆಗೂ ಡಯಲ್ ಮಾಡುತ್ತ ಕೂತಿದ್ದೆ. ಇಷ್ಟು ವರ್ಷ ನಾನೇ ಹಂಗಿಸುತ್ತ ಬಂದ ಗಂಡನಿಗಾಗಿ ಅವತ್ತು ನಾನು ನೆನೆಯದ ದೇವರಿಲ್ಲ. ಕೊನೆಗೆ ಅವರೇ ಏರ್‌ಪೋರ್ಟಿನಿಂದ ಫೋನ್ ಮಾಡಿದರು. ಸೈನ್ ಮಾಡಿರಲಿಲ್ಲ, ಬೀಗದ ಕೈ ಹಿಂದಿರುಗಿಸಿದ್ದರು.

ಮನೆಗೆ ಬಂದವರು ನನ್ನ ಕೈ ಹಿಡಿದು ಕೂತರು. "ನೀ ಅಷ್ಟು ಅತ್ತ ಮ್ಯಾಲೆ ಹೆಂಗ ತಗೊಳ್ಳಲಿ? ಇಷ್ಟು ವರ್ಷದಾಗ ನೀ ಅತ್ತಿದ್ದು ನಾ ಕೇಳಿದ್ದಿಲ್ಲ ನೋಡು."

ಮ್ಯೂಟ್‌ನಲ್ಲಿದ್ದೆ, ಅದು ನಾನಲ್ಲ ಎಂದು ಹೇಳಿದೆ. ನಕ್ಕರು. "ಬಿಡು, ಇದಕ್ಕ್ಯಾಕ ನಾಚಿಕಿ?" ಎಂದರು. ಮತ್ತೆಂದೂ ಫ್ರಾನ್ಸಿನ ಮಾತೆತ್ತಲಿಲ್ಲ. ಗೆದ್ದವಳು ನಾನೇ. ಆದರೆ ನನಗಾಗಿ ಅತ್ತು ಗೆದ್ದುಕೊಟ್ಟವರು ಯಾರು, ಯಾಕೆ ಎಂದು ಇವತ್ತಿಗೂ ಗೊತ್ತಾಗಿಲ್ಲ.

ಕೆಲವು ರಾತ್ರಿ ಇವರು ನಿದ್ದೆಗಣ್ಣಿನಲ್ಲೇ ಹೊರಳಿ, "ಅಳಬ್ಯಾಡ, ಸುಮ್ನಾಗು," ಎನ್ನುತ್ತಾರೆ. ಕೈ ಚಾಚಿ ಮೆಲ್ಲಗೆ ಸವರುತ್ತಾರೆ.

ನಾನು ಮಲಗುವುದು ಅವರ ಎಡಕ್ಕೆ. ಅವರು ಕೈ ಚಾಚುವುದು ಬಲಕ್ಕೆ.